ಟೇಲ್‌ವೀಲ್ ಮತ್ತು ರಡ್ಡರ್ ಅಲೈನ್‌ಮೆಂಟ್: ಸ್ವಂತವಾಗಿ ವಿಮಾನ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಗುರ ವಿಮಾನವನ್ನು ಸ್ವಂತ ಕೈಯಿಂದ ಕಟ್ಟುವವರು ರೆಕ್ಕೆ ಮತ್ತು ಎಂಜಿನ್‌ಗೆ ತಿಂಗಳುಗಟ್ಟಲೆ ಸಮಯ ಕೊಡುತ್ತಾರೆ. ಬಾಲದ ಕೆಳಗಿನ ಪುಟ್ಟ ಚಕ್ರಕ್ಕೆ, ಅಂದರೆ ಟೇಲ್‌ವೀಲ್‌ಗೆ, ಒಂದು ಸಂಜೆ ಸಿಕ್ಕರೆ ಹೆಚ್ಚು. ಆದರೆ ವಿಮಾನವನ್ನು ಮೊದಲ ಸಲ ನೆಲದ ಮೇಲೆ ಓಡಿಸುವಾಗ ಬೆವರಿಳಿಸುವುದು ಅದೇ ಚಕ್ರ. ನಾನು ಎರಡು ಸೀಟಿನ ಟೇಲ್‌ವೀಲ್ ವಿಮಾನ ಒಂದನ್ನು ಕಟ್ಟಿದ್ದೇನೆ. ಗೆಳೆಯರ ವಿಮಾನಗಳ ಬಾಲದ ಕೆಲಸಕ್ಕೂ ಕೈ ಹಾಕಿದ್ದೇನೆ. ಆಗೆಲ್ಲ ಎದುರಾದ ಪ್ರಶ್ನೆಗಳು ಇಲ್ಲಿವೆ.

ಇಲ್ಲಿ ಕೊಟ್ಟಿರುವ ಅಳತೆಗಳು ವಿಷಯ ಅರ್ಥವಾಗಲಿ ಅಂತ. ನಿಮ್ಮ ವಿಮಾನದ ನಕ್ಷೆಯಲ್ಲೋ ಟೇಲ್‌ವೀಲ್ ಜೊತೆ ಬಂದ ಸೂಚನೆಯಲ್ಲೋ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ.

ಬಾಲದ ಚಕ್ರ ಒಂದೇ ಒಂದು ಡಿಗ್ರಿ ವಾಲಿದ್ದರೆ ಅಷ್ಟು ದೊಡ್ಡ ವಿಷಯವಾ?

ಹೌದು. ಲೆಕ್ಕ ಹಾಕಿ ನೋಡೋಣ. ಮುಂದಿನ ಚಕ್ರಗಳಿಂದ ಬಾಲದ ಚಕ್ರಕ್ಕೆ 4 ಮೀಟರ್ ದೂರ ಇದೆ ಅಂತ ಇಟ್ಟುಕೊಳ್ಳಿ. ಬಾಲದ ಚಕ್ರ 1 ಡಿಗ್ರಿ ತಿರುಗಿದ್ದರೆ ವಿಮಾನ ಸುಮಾರು 229 ಮೀಟರ್ ತ್ರಿಜ್ಯದ ವೃತ್ತದಲ್ಲಿ ಉರುಳುತ್ತದೆ. ಕೇಳಲು ದೊಡ್ಡ ವೃತ್ತ. ಆದರೆ 30 ಮೀಟರ್ ಉರುಳುವಷ್ಟರಲ್ಲಿ ನಡುಗೆರೆಯಿಂದ ಹೆಚ್ಚುಕಮ್ಮಿ 2 ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ. ಕಿರಿದಾದ ರನ್‌ವೇಯಲ್ಲಿ 2 ಮೀಟರ್ ಸಣ್ಣದಲ್ಲ.

ಇನ್ನೂ ಒಂದು ತೊಂದರೆ ಇದೆ. ಈ 1 ಡಿಗ್ರಿ ಕಣ್ಣಿಗೆ ಕಾಣುವುದೇ ಇಲ್ಲ. 150 ಮಿಲಿಮೀಟರ್ ಚಕ್ರದ ಎರಡು ಅಂಚುಗಳ ನಡುವೆ ಅದು ಬರೀ 2.6 ಮಿಲಿಮೀಟರ್ ವ್ಯತ್ಯಾಸ. ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿ, ಸರಿಯಾಗಿದೆ ಅನ್ನುವುದು ಸಾಲದು. ಅಳೆಯಲೇಬೇಕು.

ಮೂಗಿನ ಕೆಳಗೆ ಚಕ್ರ ಇರುವ ವಿಮಾನದಲ್ಲಿ ಇಷ್ಟು ತಲೆನೋವು ಇಲ್ಲ. ಇದರಲ್ಲಿ ಯಾಕೆ?

ಟೇಲ್‌ವೀಲ್ ವಿಮಾನದ ಭಾರಕೇಂದ್ರ ಮುಂದಿನ ಎರಡು ಚಕ್ರಗಳ ಹಿಂದೆ ಇರುತ್ತದೆ. ವಿಮಾನ ಚೂರು ಪಕ್ಕಕ್ಕೆ ತಿರುಗಿದರೂ ಹಿಂದಿರುವ ಭಾರ ಮುಂದೆ ನುಗ್ಗಲು ನೋಡುತ್ತದೆ, ತಿರುವು ತಾನೇ ಜಾಸ್ತಿಯಾಗುತ್ತದೆ. ಅಂಗೈ ಮೇಲೆ ಕೋಲು ನಿಲ್ಲಿಸಿದ ಹಾಗೆ. ವಾಲಲು ಶುರುವಾದ ತಕ್ಷಣ ಹಿಡಿದರೆ ನಿಲ್ಲುತ್ತದೆ, ತಡವಾದರೆ ಕೈ ಮೀರುತ್ತದೆ. ಹಾಗೆ ಕೈ ಮೀರಿ ವಿಮಾನ ಗಿರಕಿ ಹೊಡೆಯುವುದನ್ನೇ ಗ್ರೌಂಡ್ ಲೂಪ್ ಅನ್ನುತ್ತಾರೆ. ರೆಕ್ಕೆಯ ತುದಿ ನೆಲಕ್ಕೆ ಬಡಿಯುವುದು, ಮುಂದಿನ ಚಕ್ರದ ಕಾಲು ಮುರಿಯುವುದು ಆಗಲೇ.

ಪೈಲಟ್‌ನ ಕಾಲು ಈ ಕೋಲನ್ನು ಹಿಡಿದು ನಿಲ್ಲಿಸುವ ಅಂಗೈ. ಆ ಕಾಲಿಗೂ ನೆಲಕ್ಕೂ ನಡುವೆ ಪೆಡಲ್, ಕೇಬಲ್, ರಡ್ಡರ್ ಹಾರ್ನ್ (ಬಾಲದ ನಿಂತ ರೆಕ್ಕೆಯ ಹಿಂದೆ ಎಡಬಲ ತಿರುಗುವ ಹಲಗೆಯೇ ರಡ್ಡರ್, ಅದನ್ನು ತಿರುಗಿಸುವ ತೋಳು ಹಾರ್ನ್), ಸ್ಪ್ರಿಂಗ್, ಚಕ್ರ ಇಷ್ಟು ಕೊಂಡಿಗಳಿವೆ. ಒಂದು ಸಡಿಲವಾದರೂ ನಿಮ್ಮ ಕಾಲು ತಡವಾಗಿ ಮಾತಾಡುತ್ತದೆ.

ಕೆಲಸ ಎಲ್ಲಿಂದ ಶುರು ಮಾಡಬೇಕು?

ಪೆಡಲ್‌ನಿಂದ. ಬಹಳಷ್ಟು ಜನ ಬಾಲದ ಚಕ್ರದಿಂದ ಶುರು ಮಾಡುತ್ತಾರೆ, ಅಲ್ಲೇ ಎಡವುತ್ತಾರೆ. ಮೊದಲು ಎರಡೂ ಪೆಡಲ್ ಸಮ ಇರಲಿ. ಆಮೇಲೆ ರಡ್ಡರ್ ನಡುವಿಗೆ ಬರಲಿ. ಆಮೇಲೆ ರಡ್ಡರ್ ಹೆಚ್ಚು ತಿರುಗದಂತೆ ನಿಲ್ಲಿಸುವ ಎರಡೂ ಬದಿಯ ತಡೆಗಳು. ಆಮೇಲೆ ಮುಂದಿನ ಚಕ್ರಗಳ ದಿಕ್ಕು. ಅದಾದ ಮೇಲೆ ಬಾಲದ ಚಕ್ರ, ಕೊನೆಯಲ್ಲಿ ಅದನ್ನು ರಡ್ಡರ್‌ಗೆ ಜೋಡಿಸುವ ಸ್ಪ್ರಿಂಗ್ ಮತ್ತು ಚೈನ್.

ಈ ಕ್ರಮಕ್ಕೆ ಕಾರಣ ಇದೆ. ಚೈನ್‌ನ ಉದ್ದ ಬದಲಾಯಿಸುವುದು ಎಲ್ಲಕ್ಕಿಂತ ಸುಲಭ. ಎರಡು ನಿಮಿಷದ ಕೆಲಸ. ಹಾಗಾಗಿ ಯಾವ ತೊಂದರೆ ಬಂದರೂ ಕೈ ಅಲ್ಲಿಗೇ ಹೋಗುತ್ತದೆ. ಬೇರೆ ಕಡೆಯ ತಪ್ಪನ್ನು ಚೈನ್ ಎಳೆದು ಮುಚ್ಚಿದರೆ ಒಂದು ವೇಗದಲ್ಲಿ ಸರಿ ಕಾಣುತ್ತದೆ, ಇನ್ನೊಂದು ವೇಗದಲ್ಲಿ ಕೆಡುತ್ತದೆ. ಚೈನ್‌ಗೆ ಇರುವ ಕೆಲಸ ಒಂದೇ: ರಡ್ಡರ್ ನಡುವೆ ಇದ್ದಾಗ ಚಕ್ರ ನೇರ ಇರುವಂತೆ ನೋಡಿಕೊಳ್ಳುವುದು.

ರಡ್ಡರ್ ಸರಿಯಾಗಿ ನಡುವೆ ಇದೆ ಅಂತ ಹೇಗೆ ಗೊತ್ತಾಗುತ್ತದೆ?

ನೇರವಾದ ಎರಡು ಮರದ ಪಟ್ಟಿ ತೆಗೆದುಕೊಳ್ಳಿ. ಫಿನ್‌ನ (ರಡ್ಡರ್‌ನ ಮುಂದೆ ಅಲುಗದೆ ನಿಂತ ಭಾಗ) ಎಡಕ್ಕೊಂದು, ಬಲಕ್ಕೊಂದು, ರಡ್ಡರ್‌ನ ಹಿಂದಿನ ಅಂಚಿನ ಆಚೆಗೂ ಚಾಚುವಂತೆ ಇಟ್ಟು ಮೆತ್ತನೆಯ ಬಟ್ಟೆ ಕೊಟ್ಟು ಕ್ಲ್ಯಾಂಪ್ ಮಾಡಿ. ಹಿಂದಿನ ಅಂಚಿನಿಂದ ಎರಡೂ ಪಟ್ಟಿಗೆ ಇರುವ ದೂರ ಸಮ ಇದ್ದರೆ ರಡ್ಡರ್ ನಡುವೆ ಇದೆ. ಇದನ್ನು ರಡ್ಡರ್‌ನ ಬುಡದ ಹತ್ತಿರ ಒಂದು ಸಲ, ಅರ್ಧ ಎತ್ತರದಲ್ಲಿ ಇನ್ನೊಂದು ಸಲ ಅಳೆಯಿರಿ. ಎರಡು ಕಡೆ ಬೇರೆ ಬೇರೆ ಉತ್ತರ ಬಂದರೆ ರಡ್ಡರ್ ತಿರುಚಿಕೊಂಡಿದೆ ಅಂತ ಅರ್ಥ. ಮೇಲ್ತುದಿಯಲ್ಲಿ ತೂಕ ತುಂಬಿದ ಮುಂಚಾಚು ಇರುವ ರಡ್ಡರ್‌ಗಳಲ್ಲಿ ಅದು ಫಿನ್‌ಗೆ ಸರಿಯಾಗಿ ಕೂತಿದೆಯಾ ಅಂತ ಮಾತ್ರ ನೋಡಿ ಮುಗಿಸುವವರಿದ್ದಾರೆ. ಆ ತುದಿಯನ್ನು ನಂಬಬೇಡಿ. ತಿರುಚಿದ ರಡ್ಡರ್‌ನಲ್ಲಿ ತುದಿ ಒಂದು ಹೇಳುತ್ತದೆ, ಬುಡ ಇನ್ನೊಂದು ಹೇಳುತ್ತದೆ.

ಅಳತೆ ಸರಿ ಬಂದ ಮೇಲೆ ಕ್ಲ್ಯಾಂಪ್ ತೆಗೆಯಬೇಡಿ. ಮುಂದಿನ ಕೆಲಸ ಎಲ್ಲ ಮುಗಿಯುವವರೆಗೆ ರಡ್ಡರ್ ಅಲ್ಲೇ ಇರಲಿ, ತಿರುಗಿಸಿ ನೋಡಬೇಕಾದಾಗ ಮಾತ್ರ ತೆಗೆದು ಮತ್ತೆ ಹಾಕಿ. ಕ್ಲ್ಯಾಂಪ್‌ಗೆ ಎದ್ದು ಕಾಣುವ ಕೆಂಪು ಬಟ್ಟೆ ಕಟ್ಟಿ.

ನನ್ನ ವಿಮಾನದ ಫಿನ್ ಅನ್ನೇ ಸ್ವಲ್ಪ ಎಡಕ್ಕೆ ತಿರುಗಿಸಿ ಕೂರಿಸಲು ನಕ್ಷೆಯಲ್ಲಿ ಹೇಳಿದ್ದಾರೆ. ಆಗ ಯಾವುದು ನೇರ?

ಒಳ್ಳೆಯ ಪ್ರಶ್ನೆ. ಕಾಕ್‌ಪಿಟ್‌ನಿಂದ ನೋಡಿದಾಗ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುವ ವಿಮಾನಗಳು ಎಂಜಿನ್ ಜೋರಾದಾಗ ಎಡಕ್ಕೆ ಎಳೆಯುತ್ತವೆ. ಅದನ್ನು ಸರಿದೂಗಿಸಲು ಕೆಲವು ವಿನ್ಯಾಸಕಾರರು ಫಿನ್‌ನ ಮುಂದಿನ ಅಂಚನ್ನು ಚೂರು ಎಡಕ್ಕೆ ಇಡುತ್ತಾರೆ. ಗಾಳಿ ಫಿನ್‌ನ ಬಲ ಮೈಗೆ ತಾಗಿ ಬಾಲವನ್ನು ಎಡಕ್ಕೆ ತಳ್ಳುತ್ತದೆ, ಮೂಗು ಬಲಕ್ಕೆ ಬರುತ್ತದೆ.

ನಕ್ಷೆಯಲ್ಲಿ ಬೇರೆ ಹೇಳಿಲ್ಲದಿದ್ದರೆ ರಡ್ಡರ್‌ನ ನಡು ಅಂದರೆ ಫಿನ್‌ಗೆ ಸಾಲಾಗಿ ಇರುವುದು. ಆದರೆ ಬಾಲದ ಚಕ್ರ ಸಾಲಾಗಬೇಕಾದದ್ದು ಫಿನ್‌ಗೆ ಅಲ್ಲ, ವಿಮಾನದ ಮೈಯ ನಡುಗೆರೆಗೆ. ಹಾಗಾಗಿ ಇಂಥ ವಿಮಾನಗಳಲ್ಲಿ ಎಡ ಬಲ ಚೈನ್‌ಗಳ ಉದ್ದ ಒಂದೇ ಇರುವುದಿಲ್ಲ. ಅದು ತಪ್ಪಲ್ಲ. ಸಮ ಮಾಡಲು ಹೋಗಬೇಡಿ.

ಪೆಡಲ್ ಮತ್ತು ಕೇಬಲ್‌ನಲ್ಲಿ ಏನು ನೋಡಬೇಕು?

ರಡ್ಡರ್ ಕ್ಲ್ಯಾಂಪ್‌ನಲ್ಲಿ ಇರುವಾಗಲೇ ಕಾಕ್‌ಪಿಟ್‌ಗೆ ಹೋಗಿ. ಎರಡು ಪೆಡಲ್‌ಗಳಿಗೆ ಅಡ್ಡಲಾಗಿ ಒಂದು ಪಟ್ಟಿ ಕಟ್ಟಿ ಅವು ಅಲುಗದಂತೆ ಮಾಡಿ. ಆಮೇಲೆ ಕೇಬಲ್‌ನ ಉದ್ದ ಹೊಂದಿಸಿ.

ಚಿಕ್ಕ ವಿಮಾನಗಳಲ್ಲಿ ರಡ್ಡರ್ ಕೇಬಲ್ ಹೆಚ್ಚಾಗಿ ಪೂರ್ತಿ ಸುತ್ತಿನದ್ದಲ್ಲ. ಪ್ರತಿ ಪೆಡಲ್‌ನಿಂದ ಒಂದೊಂದು ಕೇಬಲ್ ಹಿಂದಕ್ಕೆ ಹೋಗಿ ಹಾರ್ನ್‌ಗೆ ಸೇರುತ್ತದೆ ಅಷ್ಟೇ. ಬಿಗಿ ಉಳಿಸುವುದು ಪೆಡಲ್ ಹತ್ತಿರದ ಸಣ್ಣ ಸ್ಪ್ರಿಂಗ್ ಅಥವಾ ನಿಮ್ಮ ಕಾಲು. ಈ ಸ್ಪ್ರಿಂಗ್‌ಗಳಲ್ಲಿ ಒಂದು ಬಲವಾಗಿ, ಇನ್ನೊಂದು ಸೋತಿದ್ದರೆ ಕಾಲು ತೆಗೆದಾಗ ರಡ್ಡರ್ ಒಂದು ಬದಿಗೆ ನಿಲ್ಲುತ್ತದೆ. ಇದಕ್ಕೆ ಬಾಲದ ಚಕ್ರವನ್ನು ಬೈಯುವವರನ್ನು ನೋಡಿದ್ದೇನೆ.

ಟರ್ನ್‌ಬಕಲ್ (ತಿರುಗಿಸಿ ಕೇಬಲ್ ಬಿಗಿ ಮಾಡುವ ತುಂಡು) ಇದ್ದರೆ ಅದರ ಪ್ರತಿ ತುದಿಯಲ್ಲಿ ಮೂರಕ್ಕಿಂತ ಹೆಚ್ಚು ಸ್ಕ್ರೂ ಎಳೆ ಹೊರಗೆ ಕಾಣಬಾರದು. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಹೊರತಂದ ಎಸಿ 43.13-1ಬಿ ಕೈಪಿಡಿಯ ನಿಯಮ ಇದು, ಸ್ವಂತವಾಗಿ ಕಟ್ಟುವವರು ಎಲ್ಲೆಡೆ ಪಾಲಿಸುತ್ತಾರೆ. ಹೊಂದಿಸಿದ ಮೇಲೆ ಸೇಫ್ಟಿ ವೈರ್ (ತಾನಾಗಿ ಬಿಚ್ಚದಂತೆ ಕಟ್ಟುವ ತಂತಿ) ಹಾಕುವುದನ್ನು ನಾಳೆಗೆ ಬಿಡಬೇಡಿ. ಕೇಬಲ್ ಮೇಲೆ ಬರಿ ಬೆರಳು ಓಡಿಸಬೇಡಿ, ಬಟ್ಟೆ ಹಿಡಿದು ಓಡಿಸಿ. ಒಂದು ಎಳೆ ಮುರಿದಿದ್ದರೂ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಪುಲ್ಲಿಯ ಮೇಲೆ ಹಾದುಹೋಗುವ ಜಾಗದಲ್ಲಿ ಇನ್ನೊಂದು ಸಲ ನೋಡಿ, ಸವೆತ ಶುರುವಾಗುವುದು ಅಲ್ಲೇ.

ರಡ್ಡರ್ ಎಷ್ಟು ತಿರುಗಬೇಕು? ಡಿಗ್ರಿ ಅಳೆಯುವ ಸಾಧನ ಇಲ್ಲದೆ ಅಳೆಯಬಹುದಾ?

ಎಷ್ಟು ಅನ್ನುವುದು ನಕ್ಷೆಯಲ್ಲಿ ಇರುತ್ತದೆ. ಚಿಕ್ಕ ವಿಮಾನಗಳಲ್ಲಿ ಪ್ರತಿ ಬದಿಗೆ 25ರಿಂದ 30 ಡಿಗ್ರಿ ಸಾಮಾನ್ಯ. ಅಳೆಯಲು ಅಳತೆಪಟ್ಟಿ ಸಾಕು. ಹಿಂಜ್‌ನ ಗೆರೆಯಿಂದ ಲಂಬವಾಗಿ ಹಿಂದಕ್ಕೆ 400 ಮಿಲಿಮೀಟರ್ ದೂರದಲ್ಲಿ ರಡ್ಡರ್ ಮೇಲೆ ಒಂದು ಗುರುತು ಹಾಕಿ. ನಡುಗೆರೆಯಿಂದ ಆ ಗುರುತು 169 ಮಿಲಿಮೀಟರ್ ಪಕ್ಕಕ್ಕೆ ಬಂದರೆ 25 ಡಿಗ್ರಿ. 200 ಮಿಲಿಮೀಟರ್ ಬಂದರೆ 30 ಡಿಗ್ರಿ.

ರಡ್ಡರ್ ನಿಲ್ಲಬೇಕಾದದ್ದು ಅದರದ್ದೇ ತಡೆಗೆ ತಾಗಿ. ಬಾಲದ ಚೈನ್ ಬಿಗಿದು ನಿಲ್ಲಬಾರದು, ಎಲಿವೇಟರ್‌ಗೆ (ಬಾಲದಲ್ಲಿ ಮೇಲೆ ಕೆಳಗೆ ಆಡುವ ಅಡ್ಡ ಹಲಗೆ) ತಾಗಿ ನಿಲ್ಲಬಾರದು. ಎಲಿವೇಟರ್ ಪೂರ್ತಿ ಮೇಲಿದ್ದಾಗ, ಪೂರ್ತಿ ಕೆಳಗಿದ್ದಾಗ, ಎರಡೂ ಸಲ ರಡ್ಡರ್ ಅನ್ನು ಎರಡೂ ಕೊನೆಗೆ ತಿರುಗಿಸಿ ನೋಡಿ. ಚಕ್ರ ಪೂರ್ತಿ ತಿರುಗುವ ಜಾತಿಯದ್ದಾದರೆ ಅದನ್ನು ಹಿಂದುಮುಂದು ಮಾಡಿ ಮತ್ತೆ ನೋಡಿ. ಚಕ್ರದ ಕವಲು ರಡ್ಡರ್‌ನ ಬುಡಕ್ಕೆ ತಾಗುವುದು ಆಗಲೇ ಗೊತ್ತಾಗುವುದು.

ಈಗ ಬಾಲದ ಚಕ್ರಕ್ಕೆ ಬರೋಣ. ನೇರ ಇದೆ ಅಂತ ಅಳೆಯುವುದು ಹೇಗೆ?

ಇದಕ್ಕೆ ಬೇಕಾದದ್ದು ತೂಗುಗುಂಡು, ದಾರ, ಸೀಮೆಸುಣ್ಣ, ಉದ್ದನೆಯ ನೇರ ಪಟ್ಟಿ. ಲೇಸರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ವಿಮಾನವನ್ನು ಸಮತಟ್ಟಾದ ನೆಲದ ಮೇಲೆ ತನ್ನ ಚಕ್ರಗಳ ಮೇಲೇ ನಿಲ್ಲಿಸಿ. ಎಡ ಬಲ ರೆಕ್ಕೆಗಳು ಸಮ ಎತ್ತರದಲ್ಲಿ ಇರಲಿ. ಟೈರ್‌ಗಳಲ್ಲಿ ಗಾಳಿ ಸರಿಯಾಗಿ ಇರಲಿ. ನಿಲ್ಲಿಸುವ ಮೊದಲು ಒಂದೆರಡು ಮೀಟರ್ ಮುಂದಕ್ಕೆ ನೇರವಾಗಿ ತಳ್ಳಿ, ಆಗ ಚಕ್ರಗಳಲ್ಲಿ ಸಿಕ್ಕಿಕೊಂಡ ಪಕ್ಕದ ಒತ್ತಡ ಬಿಡುತ್ತದೆ. ಫೈರ್‌ವಾಲ್‌ನ (ಎಂಜಿನ್‌ನ ಹಿಂದಿನ ಗೋಡೆ) ನಡುವಿನಿಂದ ಒಂದು ತೂಗುಗುಂಡು, ಫಿನ್‌ನ ಹಿಂದಿನ ಕಂಬದ ನಡುವಿನಿಂದ ಇನ್ನೊಂದು ಇಳಿಬಿಡಿ. ನೆಲದ ಮೇಲೆ ಆ ಎರಡು ಬಿಂದುಗಳನ್ನು ಸೇರಿಸಿ ಗೆರೆ ಎಳೆಯಿರಿ. ಗೆರೆ ಬಾಲದ ಚಕ್ರದ ಹಿಂದಕ್ಕೂ ಒಂದು ಮೀಟರ್ ಹೋಗಲಿ. ಪ್ರೊಪೆಲ್ಲರ್‌ನ ನಡುವನ್ನು ಆಧಾರ ಮಾಡಿಕೊಳ್ಳಬೇಡಿ, ಕೆಲವು ವಿಮಾನಗಳಲ್ಲಿ ಎಂಜಿನ್ ಅನ್ನೇ ಸ್ವಲ್ಪ ಓರೆಯಾಗಿ ಕೂರಿಸಿರುತ್ತಾರೆ.

ಈಗ 600 ಮಿಲಿಮೀಟರ್ ಉದ್ದದ ನೇರ ಪಟ್ಟಿಯನ್ನು ಬಾಲದ ಚಕ್ರದ ರಿಮ್‌ನ ಪಕ್ಕಕ್ಕೆ ಒತ್ತಿ ಹಿಡಿಯಿರಿ. ಟೈರ್‌ಗೆ ಬೇಡ, ಟೈರ್ ಉಬ್ಬಿರುತ್ತದೆ. ಪಟ್ಟಿಯ ಎರಡು ತುದಿಗಳಿಂದ ಗೆರೆಗೆ ಇರುವ ದೂರ ಅಳೆಯಿರಿ. 600 ಮಿಲಿಮೀಟರ್‌ಗೆ 1 ಡಿಗ್ರಿ ಅಂದರೆ 10.5 ಮಿಲಿಮೀಟರ್ ವ್ಯತ್ಯಾಸ. ಚಕ್ರದ ಅಂಚಿನಲ್ಲಿ ಕಾಣದೆ ಇದ್ದದ್ದು ಇಲ್ಲಿ ಬೆರಳಗಲ ಕಾಣುತ್ತದೆ. ನಾನು 2 ಮಿಲಿಮೀಟರ್ ಒಳಗೆ ಬರುವವರೆಗೆ ಬಿಡುವುದಿಲ್ಲ. ಚಕ್ರವನ್ನು ಅರ್ಧ ಸುತ್ತು ಉರುಳಿಸಿ ಇನ್ನೊಮ್ಮೆ ಅಳೆಯಿರಿ. ರಿಮ್ ಸೊಟ್ಟಗಿದ್ದರೆ ಎರಡು ಅಳತೆಗಳು ಹೊಂದುವುದಿಲ್ಲ.

ಇದರ ಜೊತೆಗೇ ನೋಡಬೇಕಾದ ಇನ್ನೊಂದು ಸಂಗತಿ: ಚಕ್ರ ಗೆರೆಯ ಮೇಲೇ ಇದೆಯಾ? ಗೆರೆಗೆ ಸಮಾನಾಂತರವಾಗಿದ್ದು ಒಂದು ಬದಿಗೆ ಸರಿದಿದ್ದರೆ ಬಾಲದ ಸ್ಪ್ರಿಂಗ್ ಪಟ್ಟಿ (ಚಕ್ರವನ್ನು ವಿಮಾನದ ಮೈಗೆ ಹಿಡಿದಿಡುವ ಉಕ್ಕಿನ ಪಟ್ಟಿ) ಓರೆಯಾಗಿ ಕೂತಿದೆ ಅಂತ. ಹಿಂದಿನಿಂದ ನೋಡಿದಾಗ ಚಕ್ರ ತಲೆ ವಾಲಿಸಿದ್ದರೆ ಪಟ್ಟಿ ತಿರುಚಿದೆ, ಅಥವಾ ಬೋಲ್ಟ್‌ನ ತೂತು ಅಗಲವಾಗಿದೆ. ಇವೆರಡನ್ನೂ ಬುಡದಲ್ಲೇ ಸರಿಮಾಡಿ. ಚೈನ್‌ನಿಂದ ಇದಕ್ಕೆ ಪರಿಹಾರ ಇಲ್ಲ.

ಚೈನ್ ಮತ್ತು ಸ್ಪ್ರಿಂಗ್ ಎಷ್ಟು ಬಿಗಿ ಇರಬೇಕು?

ಎಲ್ಲಕ್ಕಿಂತ ಹೆಚ್ಚು ವಾದ ನಡೆಯುವುದು ಇದರ ಬಗ್ಗೆ. ನನ್ನ ಅನುಭವದಲ್ಲಿ ಸರಿಯಾದ ಸ್ಥಿತಿ ಇದು: ಬಾಲದ ಮೇಲೆ ತೂಕ ಇದ್ದಾಗ ಚೈನ್ ಜೋತುಬೀಳಬಾರದು, ಸ್ಪ್ರಿಂಗ್ ಎಳೆದುಕೊಂಡಿರಲೂಬಾರದು. ಬೆರಳಿಂದ ತಳ್ಳಿದರೆ ಚೂರು ಅಲುಗಬೇಕು.

ತುಂಬಾ ಸಡಿಲ ಇದ್ದರೆ ಪೆಡಲ್ ಒತ್ತಿದರೂ ಚಕ್ರ ತಡವಾಗಿ ತಿರುಗುತ್ತದೆ. ಪೈಲಟ್ ಇನ್ನಷ್ಟು ಒತ್ತುತ್ತಾನೆ, ಆಗ ಒಮ್ಮೆಲೇ ಜಾಸ್ತಿ ತಿರುಗುತ್ತದೆ. ಎಡಕ್ಕೆ ಬಲಕ್ಕೆ ಹಾವಿನ ಹಾಗೆ ಓಡುವುದು ಹೀಗೆ. ತುಂಬಾ ಬಿಗಿ ಇದ್ದರೆ ಪೆಡಲ್ ಭಾರ, ಹಿಂಜ್ ಮತ್ತು ಹಾರ್ನ್ ಮೇಲೆ ಯಾವಾಗಲೂ ಎಳೆತ. ಅಡ್ಡಗಾಳಿಯಲ್ಲಿ ಇಳಿಯುವಾಗ ಇದು ಇನ್ನೂ ಕೆಟ್ಟದ್ದು. ಆಗ ರಡ್ಡರ್ ಒಂದು ಬದಿಗೆ ತಿರುಗಿರುತ್ತದೆ, ಬಾಲದ ಚಕ್ರವೂ ಓರೆಯಾಗಿಯೇ ನೆಲ ಮುಟ್ಟುತ್ತದೆ. ಸ್ಪ್ರಿಂಗ್‌ಗೆ ಬಗ್ಗಲು ಅವಕಾಶ ಇದ್ದರೆ ಚಕ್ರ ತಾನು ಓಡುವ ದಿಕ್ಕಿಗೆ ಹೊಂದಿಕೊಳ್ಳುತ್ತದೆ. ಇಲ್ಲದಿದ್ದರೆ ಬಾಲ ಪಕ್ಕಕ್ಕೆ ಜಿಗಿಯುತ್ತದೆ.

ಬಹಳ ಜನ ಮರೆಯುವ ವಿಷಯ ಒಂದಿದೆ. ವಿಮಾನ ಹಾರುತ್ತಿರುವಾಗ ಬಾಲದ ಚಕ್ರದ ಮೇಲೆ ತೂಕ ಇರುವುದಿಲ್ಲ. ಸ್ಪ್ರಿಂಗ್ ಪಟ್ಟಿ ಕೆಳಕ್ಕೆ ಬಾಗುತ್ತದೆ, ಹಾರ್ನ್‌ಗೂ ಚಕ್ರದ ತೋಳಿಗೂ ಇರುವ ದೂರ ಬದಲಾಗುತ್ತದೆ. ನೆಲದ ಮೇಲೆ ಹದವಾಗಿದ್ದ ಚೈನ್ ಗಾಳಿಯಲ್ಲಿ ಬಿಗಿಯಾಗಬಹುದು. ಆದ್ದರಿಂದ ಹೊಂದಿಸಿದ ಮೇಲೆ ಬಾಲವನ್ನು ಎತ್ತಿ ಸ್ಟ್ಯಾಂಡ್ ಮೇಲೆ ಇಟ್ಟು ಮತ್ತೆ ನೋಡಿ. ಎತ್ತಿದಾಗಲೂ ರಡ್ಡರ್ ಎರಡೂ ಕೊನೆಗೆ ಸಲೀಸಾಗಿ ಹೋಗಬೇಕು, ಬಿಟ್ಟರೆ ಒಂದೇ ಬದಿಗೆ ಎಳೆಯಬಾರದು.

ಒಂದು ಕೊಂಡಿ ತೆಗೆದರೆ ಬಿಗಿ, ಬಿಟ್ಟರೆ ಸಡಿಲ. ಏನು ಮಾಡಲಿ?

ಚೈನ್ ತಿರುಚಿ ಉದ್ದ ಕಡಿಮೆ ಮಾಡಬೇಡಿ. ತಿರುಚಿದ ಕೊಂಡಿಗಳು ಬೇಗ ಸವೆಯುತ್ತವೆ, ಒಂದು ದಿನ ತಾವೇ ಬಿಚ್ಚಿಕೊಂಡು ಉದ್ದವಾಗುತ್ತವೆ. ಸ್ಕ್ರೂ ಎಳೆ ಇರುವ ಕ್ಲೆವಿಸ್ (ಕವಲಿನ ಕೊಂಡಿ) ಅಥವಾ ಬೇರೆ ಉದ್ದದ ಶಾಕಲ್ (ಪಿನ್ ಹಾಕುವ ಯು ಆಕಾರದ ಕೊಂಡಿ) ಹಾಕಿದರೆ ಅರ್ಧ ಕೊಂಡಿಯಷ್ಟು ಹೊಂದಿಸಲು ಆಗುತ್ತದೆ. ಕ್ಲಿಪ್‌ಗಳು ಕಳಚದಂತೆ ಸೇಫ್ಟಿ ವೈರ್ ಸುತ್ತಿ.

ಎಳೆಯುವ ಸ್ಪ್ರಿಂಗ್ ಒಳ್ಳೆಯದಾ, ಒತ್ತುವ ಸ್ಪ್ರಿಂಗ್ ಒಳ್ಳೆಯದಾ?

ನನ್ನ ಆಯ್ಕೆ ಒತ್ತುವ ಸ್ಪ್ರಿಂಗ್. ಅದರೊಳಗೆ ಎರಡು ಕೊಕ್ಕೆಗಳು ಎದುರುಬದುರು ಹಾದಿರುತ್ತವೆ, ಎಳೆದಾಗ ಸ್ಪ್ರಿಂಗ್ ಕುಗ್ಗುತ್ತದೆ. ಸ್ಪ್ರಿಂಗ್ ಮುರಿದರೂ ಕೊಕ್ಕೆಗಳು ಬಿಡುವುದಿಲ್ಲ, ಚಕ್ರ ಹತೋಟಿಯಲ್ಲಿ ಉಳಿಯುತ್ತದೆ. ಎಳೆಯುವ ಸ್ಪ್ರಿಂಗ್ ಮುರಿದರೆ ಆ ಬದಿ ಹೋಯಿತು ಅಂತಲೇ ಲೆಕ್ಕ. ಕೆಲವು ಸೆಟ್‌ಗಳಲ್ಲಿ ಒಂದು ಸ್ಪ್ರಿಂಗ್ ಗಟ್ಟಿ, ಇನ್ನೊಂದು ಮೆದು ಇರುತ್ತದೆ. ಎರಡೂ ಒಂದೇ ತಾಳಕ್ಕೆ ನಡುಗದಿರಲಿ ಅಂತ ಹಾಗೆ ಕೊಡುತ್ತಾರೆ. ತಪ್ಪು ಬಂದಿದೆ ಅಂದುಕೊಂಡು ಬದಲಾಯಿಸಬೇಡಿ.

ಸ್ಪ್ರಿಂಗ್ ಇಲ್ಲದೆ ಗಟ್ಟಿ ಕಡ್ಡಿಯಲ್ಲೇ ಚಕ್ರವನ್ನು ಜೋಡಿಸುವ ವಿನ್ಯಾಸಗಳೂ ಇವೆ. ಕಾಲಿಗೆ ತಕ್ಷಣ ಉತ್ತರ ಸಿಗುತ್ತದೆ, ಆದರೆ ಬಾಲಕ್ಕೆ ಬಿದ್ದ ಪ್ರತಿ ಹೊಡೆತ ರಡ್ಡರ್‌ಗೂ ತಲುಪುತ್ತದೆ. ಅಲ್ಲಿ ಅಲೈನ್‌ಮೆಂಟ್ ಇನ್ನೂ ಚೊಕ್ಕ ಇರಬೇಕು.

ಇಳಿದ ಮೇಲೆ ಬಾಲದ ಚಕ್ರ ಗಡಗಡ ನಡುಗುತ್ತದೆ. ಏನು ಕಾರಣ?

ಇದಕ್ಕೆ ಶಿಮ್ಮಿ ಅನ್ನುತ್ತಾರೆ. ಒಂದು ಸಲ ಅನುಭವಿಸಿದರೆ ಮರೆಯುವುದಿಲ್ಲ. ಇಡೀ ವಿಮಾನ ಕಳಚಿಬೀಳುತ್ತದೇನೋ ಅನ್ನಿಸುತ್ತದೆ. ಸುಮ್ನೆ ಬಿಡಬೇಡಿ, ಬೋಲ್ಟ್‌ಗಳು ಸಡಿಲವಾಗುತ್ತವೆ, ಬ್ರಾಕೆಟ್‌ನಲ್ಲಿ ಬಿರುಕು ಬರುತ್ತದೆ.

ಮೊದಲು ಸುಲಭದ್ದು ನೋಡಿ. ಟೈರ್‌ನಲ್ಲಿ ಗಾಳಿ ಕಡಿಮೆ ಇದೆಯಾ, ಬೇರಿಂಗ್ ಆಡುತ್ತದೆಯಾ, ಚೈನ್ ಸಡಿಲವಾ, ಸ್ಪ್ರಿಂಗ್ ಪಟ್ಟಿಯ ಬೋಲ್ಟ್ ಬಿಗಿ ಇದೆಯಾ. ಆಮೇಲೆ ಬಾಲ ಎತ್ತಿ, ಚೈನ್ ಬಿಚ್ಚಿ, ಚಕ್ರವನ್ನು ಕೈಯಿಂದ ಆಡಿಸಿ. ಅದು ಹದವಾದ ಬಿಗಿಯಲ್ಲಿ ತಿರುಗಬೇಕು. ಗಾಳಿಗೆ ಆಡುವ ಬಾಗಿಲಿನ ಹಾಗೆ ಆಡಿದರೆ ಒಳಗಿನ ಘರ್ಷಣೆಯ ತಟ್ಟೆಗಳು ಸವೆದಿವೆ, ಅಥವಾ ಗ್ರೀಸ್ ಹೋಗಬಾರದ ಜಾಗಕ್ಕೆ ಹೋಗಿದೆ.

ಇವೆಲ್ಲ ಸರಿ ಇದ್ದರೂ ನಡುಗಿದರೆ ಚಕ್ರ ತಿರುಗುವ ಕಂಬವನ್ನು ಪಕ್ಕದಿಂದ ನೋಡಿ. ಪೈಲಟ್, ಇಂಧನ ಎಲ್ಲ ತುಂಬಿದ ತೂಕದಲ್ಲಿ ಅದು ಹೆಚ್ಚುಕಮ್ಮಿ ನೆಟ್ಟಗೆ ನಿಂತಿರಬೇಕು. ಬಾಲದ ಸ್ಪ್ರಿಂಗ್ ಪಟ್ಟಿ ಹಳೆಯದಾದಂತೆ ತನ್ನ ಬಿಲ್ಲಿನ ಬಾಗು ಕಳೆದುಕೊಂಡು ಚಪ್ಪಟೆಯಾಗುತ್ತದೆ. ಆಗ ಅದರ ಹಿಂದಿನ ತುದಿ ಮೇಲೇಳುತ್ತದೆ, ಕಂಬದ ತಲೆ ಮುಂದಕ್ಕೆ ವಾಲುತ್ತದೆ. ನೆಲ ಮುಟ್ಟುವ ಬಿಂದು ಕಂಬದ ಗೆರೆಗೆ ಹತ್ತಿರವಾಗುತ್ತದೆ, ಚಕ್ರ ಹಿಂಬಾಲಿಸುವ ಗುಣ ಕಡಿಮೆಯಾಗುತ್ತದೆ. ನಡುಕ ಶುರುವಾಗಲು ಅಷ್ಟು ಸಾಕು. ಪಟ್ಟಿಗೆ ಮತ್ತೆ ಬಾಗು ಕೊಡಿಸುವುದು, ಹೊಸದು ಹಾಕುವುದು, ಇಲ್ಲವೇ ಬುಡದಲ್ಲಿ ಓರೆ ತಗಡು ಕೊಟ್ಟು ಕೋನ ಸರಿಪಡಿಸುವುದು, ಇವು ದಾರಿಗಳು. ಬಾಗು ಕೊಡಿಸುವ ಕೆಲಸ ಮನೆಯ ಸುತ್ತಿಗೆಯದ್ದಲ್ಲ. ಉಕ್ಕಿನ ಹದ ಗೊತ್ತಿರುವ ಸ್ಪ್ರಿಂಗ್ ಕೆಲಸದವರಿಗೆ ಕೊಡಿ.

ಖಾಲಿ ವಿಮಾನದಲ್ಲಿ ಕಂಬದ ಕೋನ ನೋಡಿ ಸರಿಯಿದೆ ಅನ್ನಬೇಡಿ. ತೂಕ ತುಂಬಿಸಿ ನೋಡಿದರೇನೇ ಉತ್ತರ.

ಎಲ್ಲ ನೇರ ಮಾಡಿದ್ದೇನೆ. ಆದರೂ ಟ್ಯಾಕ್ಸಿ ಮಾಡುವಾಗ (ನೆಲದ ಮೇಲೆ ಓಡಿಸುವಾಗ) ಎಡಕ್ಕೆ ಎಳೆಯುತ್ತದೆ. ಯಾಕೆ?

ನನ್ನ ವಿಮಾನವೂ ಹೀಗೇ ಮಾಡುತ್ತಿತ್ತು. ಎರಡು ವಾರಾಂತ್ಯ ಪೂರ್ತಿ ಚೈನ್‌ನ ಜೊತೆ ಗುದ್ದಾಡಿದೆ. ಎಡಗಡೆ ಒಂದು ಕೊಂಡಿ ಬಿಟ್ಟೆ, ಬಲಗಡೆ ಒಂದು ಎಳೆದೆ. ನಿಧಾನಕ್ಕೆ ಹೋಗುವಾಗ ಸರಿಯಾಯಿತು. ಬಾಲ ಎತ್ತಿ ಓಡುವಾಗ ಮತ್ತೆ ಎಡಕ್ಕೆ! ಬಾಲದ ಚಕ್ರ ನೆಲದಲ್ಲೇ ಇಲ್ಲ, ಆದರೂ ಎಳೆತ ಇದೆ ಅಂದರೆ ತಪ್ಪು ಬಾಲದಲ್ಲಿ ಇಲ್ಲ. ಆಗ ಮುಂದಿನ ಚಕ್ರಗಳಿಗೆ ಪಟ್ಟಿ ಹಿಡಿದೆ. ಬಲ ಚಕ್ರದ ಮುಂಭಾಗ ಒಳಕ್ಕೆ ತಿರುಗಿತ್ತು, 600 ಮಿಲಿಮೀಟರ್‌ಗೆ 10 ಮಿಲಿಮೀಟರ್‌ಗಿಂತ ಜಾಸ್ತಿ. ಆಕ್ಸಲ್‌ನ ಬುಡಕ್ಕೆ ಓರೆ ಶಿಮ್ (ತೆಳು ತಗಡು) ಕೊಟ್ಟ ಮೇಲೆ ಎಳೆತ ನಿಂತಿತು. ಚೈನ್‌ಗಳನ್ನು ಮೊದಲಿದ್ದ ಹಾಗೇ ಹಾಕಿದೆ.

ಮುಂದಿನ ಚಕ್ರಗಳ ಮೂತಿ ಒಳಕ್ಕೆ ತಿರುಗಿರುವುದು ಟೇಲ್‌ವೀಲ್ ವಿಮಾನಕ್ಕೆ ಒಳ್ಳೆಯದಲ್ಲ. ವಿಮಾನ ಎಡಕ್ಕೆ ತಿರುಗಿತು ಅನ್ನಿ. ತೂಕ ಬಲ ಚಕ್ರದ ಮೇಲೆ ಬೀಳುತ್ತದೆ. ಆ ಚಕ್ರದ ಮೂತಿಯೂ ಎಡಕ್ಕೇ ಇದ್ದರೆ ತಿರುವನ್ನು ಇನ್ನೂ ಬಿಗಿ ಮಾಡುತ್ತದೆ. ನೇರ ಇರಲಿ, ಇಲ್ಲವೇ ಚೂರೇ ಚೂರು ಹೊರಕ್ಕೆ ಇರಲಿ. ಅಳೆಯುವಾಗ ಪ್ರತಿ ಚಕ್ರದ ಕೆಳಗೆ ಎರಡು ಅಲ್ಯೂಮಿನಿಯಂ ತಗಡು ಇಟ್ಟು, ನಡುವೆ ಗ್ರೀಸ್ ಹಚ್ಚಿ. ಆಗ ಚಕ್ರ ಒತ್ತಡವಿಲ್ಲದೆ ತನ್ನ ಜಾಗಕ್ಕೆ ಬರುತ್ತದೆ. ಬಾಲ ಕೆಳಗಿದ್ದಾಗ ಒಮ್ಮೆ, ಬಾಲ ಎತ್ತಿ ಹಾರುವ ಭಂಗಿಯಲ್ಲಿ ಇನ್ನೊಮ್ಮೆ ಅಳೆಯಿರಿ. ಚಕ್ರ ತಲೆ ವಾಲಿಸಿದ್ದರೆ ಈ ಎರಡು ಭಂಗಿಗಳಲ್ಲಿ ಮೂತಿಯ ದಿಕ್ಕು ಬೇರೆ ಬೇರೆ ಬರುತ್ತದೆ.

ಇದಲ್ಲದೆ ಒಂದು ಬದಿಯ ಬ್ರೇಕ್ ಹಿಡಿದುಕೊಂಡಿರಬಹುದು, ಟೈರ್‌ಗಳ ಗಾಳಿ ಸಮ ಇಲ್ಲದಿರಬಹುದು. ರನ್‌ವೇ ನೀರು ಹರಿಯಲಿ ಅಂತ ಎರಡೂ ಬದಿಗೆ ಇಳಿಜಾರಾಗಿರುತ್ತದೆ, ಅದೂ ಎಳೆಯುತ್ತದೆ. ಅಡ್ಡಗಾಳಿ ಇರುವ ದಿನ ಈ ಪರೀಕ್ಷೆಯನ್ನೇ ಮಾಡಬೇಡಿ.

ಹಾರುವಾಗ ಬಾಲ್ (ವಿಮಾನ ಪಕ್ಕಕ್ಕೆ ಜಾರುತ್ತಿದೆಯಾ ಅಂತ ತೋರಿಸುವ ಉಪಕರಣದ ಗುಂಡು) ನಡುವೆ ನಿಲ್ಲುವುದಿಲ್ಲ. ಟೇಲ್‌ವೀಲ್ ಸ್ಪ್ರಿಂಗ್ ಬಿಗಿ ಮಾಡಿ ಸರಿಪಡಿಸಬಹುದಾ?

ಬೇಡ. ದಯವಿಟ್ಟು ಬೇಡ. ರಡ್ಡರ್ ಅನ್ನು ಸ್ಪ್ರಿಂಗ್‌ನಿಂದ ಎಳೆದು ಹಿಡಿದರೆ ಬಾಲ್ ನಡುವಿಗೆ ಬರಬಹುದು. ಆದರೆ ಇಳಿಯುವಾಗ ಬಾಲದ ಚಕ್ರ ಓರೆಯಾಗಿ ನೆಲ ಮುಟ್ಟುತ್ತದೆ.

ಮೊದಲು ಸ್ಪ್ರಿಂಗ್‌ಗಳೇ ರಡ್ಡರ್ ಅನ್ನು ಎಳೆಯುತ್ತಿಲ್ಲ ಅಂತ ಬಾಲ ಎತ್ತಿ ಖಚಿತ ಮಾಡಿಕೊಳ್ಳಿ. ಬಾಲ್ ಇರುವ ಉಪಕರಣವೇ ಪ್ಯಾನೆಲ್‌ನಲ್ಲಿ ಓರೆಯಾಗಿ ಕೂತಿಲ್ಲವಾ ಅಂತ ರಸಮಟ್ಟ ಇಟ್ಟು ನೋಡಿ. ಆಮೇಲೂ ಉಳಿದರೆ ರಡ್ಡರ್‌ನ ಹಿಂದಿನ ಅಂಚಿಗೆ ಸಣ್ಣ ಟ್ರಿಮ್ ಟ್ಯಾಬ್ (ರಡ್ಡರ್ ಅನ್ನು ಒಂದು ಬದಿಗೆ ತಳ್ಳುವ ತಗಡು) ಅಥವಾ ಮರದ ಬೆಣೆ ಹಾಕಿ. ಬಾಲ್ ಎಡಕ್ಕಿದ್ದರೆ ಎಡ ರಡ್ಡರ್ ಬೇಕು. ಅದಕ್ಕೆ ಬೆಣೆ ರಡ್ಡರ್‌ನ ಬಲ ಮೈಗೆ. ಮೊದಲು ಟೇಪ್ ಅಂಟಿಸಿ ಪರೀಕ್ಷೆ ಮಾಡಿ, ನೀವು ಸಾಮಾನ್ಯವಾಗಿ ಹಾರುವ ವೇಗದಲ್ಲಿ ನೋಡಿ, ಆಮೇಲೆ ಅಳತೆ ನಿಶ್ಚಯ ಮಾಡಿ. ಪಕ್ಕಾ ಹಾಕಿದ ಮೇಲೆ ರಡ್ಡರ್‌ನ ತೂಕದ ಸಮತೋಲನ ಮತ್ತೆ ನೋಡಲೇಬೇಕು. ಹಿಂದಿನ ಅಂಚಿನಲ್ಲಿ ಸೇರಿದ ಕೆಲವೇ ಗ್ರಾಂ ಕೂಡ ಫ್ಲಟರ್‌ನ (ವೇಗದಲ್ಲಿ ಗಾಳಿಗೆ ಜೋರಾಗಿ ನಡುಗುವುದು) ದೃಷ್ಟಿಯಿಂದ ಲೆಕ್ಕಕ್ಕೆ ಬರುತ್ತದೆ.

ಇಳಿದು ಓಡುವಾಗ ಚಕ್ರ ಇದ್ದಕ್ಕಿದ್ದಂತೆ ರಡ್ಡರ್‌ನ ಹಿಡಿತ ಬಿಟ್ಟು ಗಿರ್ರನೆ ತಿರುಗಿತು. ಹಾಗಾಗಬಹುದಾ?

ಆಗಬಹುದು, ಅಪಾಯದ ಸೂಚನೆ ಅದು. ಪೂರ್ತಿ ತಿರುಗುವ ಟೇಲ್‌ವೀಲ್‌ಗಳ ಒಳಗೆ ಒಂದು ಹಲ್ಲು ಇರುತ್ತದೆ. ಒಂದು ಕೋನದವರೆಗೆ ಅದು ಚಕ್ರವನ್ನು ರಡ್ಡರ್ ಜೊತೆ ಹಿಡಿದಿರುತ್ತದೆ, ಆಮೇಲೆ ಬಿಟ್ಟುಕೊಡುತ್ತದೆ. ಹ್ಯಾಂಗರ್‌ನಲ್ಲಿ ವಿಮಾನವನ್ನು ಹಿಂದಕ್ಕೆ ತಳ್ಳಲು ಇದರಿಂದ ಅನುಕೂಲ. ಹಲ್ಲು ಸವೆದರೆ, ಒಳಗೆ ಮಣ್ಣು ತುಂಬಿದರೆ, ಹಲ್ಲನ್ನು ಒತ್ತುವ ಸ್ಪ್ರಿಂಗ್ ಸೋತರೆ, ಬಿಡಬಾರದ ಕೋನದಲ್ಲೇ ಬಿಡುತ್ತದೆ. ಬಾಲ ಎತ್ತಿ ಚಕ್ರವನ್ನು ಎರಡೂ ಬದಿಗೆ ತಿರುಗಿಸಿ. ಎಡದಲ್ಲಿ ಬಿಡುವ ಕೋನ, ಬಲದಲ್ಲಿ ಬಿಡುವ ಕೋನ ಒಂದೇ ಇರಬೇಕು. ಬೇರೆ ಇದ್ದರೆ ಬಿಚ್ಚಿ ತೊಳೆದು ನೋಡಿ. ಚೈನ್ ಒಂದು ಬದಿಗೆ ಎಳೆದಿದ್ದರೂ ಹೀಗೇ ಆಗುತ್ತದೆ, ನಡುವೇ ಸರಿದಿರುತ್ತದೆ.

ಚಕ್ರವನ್ನು ನೇರವಾಗಿ ಲಾಕ್ ಮಾಡುವ ವ್ಯವಸ್ಥೆ ಹಾಕಿಸಬಹುದಾ?

ದೊಡ್ಡ ವಿಮಾನಗಳಲ್ಲಿ ಇತ್ತು. ಡಿಸಿ-3 ಪ್ರಯಾಣಿಕ ವಿಮಾನದಲ್ಲಿ ಟೇಲ್‌ವೀಲ್ ಲಾಕ್‌ಗೆ ಬೇರೆ ಲಿವರ್ ಇದೆ. ಪಿ-51 ಮಸ್ಟ್ಯಾಂಗ್ ಯುದ್ಧವಿಮಾನದಲ್ಲಿ ಸ್ಟಿಕ್ ಅನ್ನು ಹಿಂದಕ್ಕೆ ಎಳೆದರೆ ಚಕ್ರ ಎರಡೂ ಬದಿಗೆ 6 ಡಿಗ್ರಿಯಷ್ಟು ಮಾತ್ರ ತಿರುಗುತ್ತದೆ, ಮುಂದಕ್ಕೆ ತಳ್ಳಿದರೆ ಪೂರ್ತಿ ಬಿಡುತ್ತದೆ. ಚಿಕ್ಕ ವಿಮಾನಕ್ಕೆ ಹೆಚ್ಚಾಗಿ ಅಗತ್ಯ ಬೀಳುವುದಿಲ್ಲ. ವಿನ್ಯಾಸದಲ್ಲಿ ಇಲ್ಲದ್ದನ್ನು ಸೇರಿಸಬೇಡಿ.

ಮೊದಲ ಟ್ಯಾಕ್ಸಿಗೆ ಮುಂಚೆ ಕೊನೆಯದಾಗಿ ಏನು ನೋಡಲಿ?

ದಿಕ್ಕು. ಬಲ ಪೆಡಲ್ ಒತ್ತಿದರೆ ರಡ್ಡರ್‌ನ ಹಿಂದಿನ ಅಂಚು ಬಲಕ್ಕೆ ಹೋಗಬೇಕು, ಬಾಲದ ಚಕ್ರದ ಹಿಂಭಾಗವೂ ಬಲಕ್ಕೇ ಹೋಗಬೇಕು. ಚೈನ್‌ಗಳು ಎಡದಿಂದ ಎಡಕ್ಕೆ, ಬಲದಿಂದ ಬಲಕ್ಕೆ ನೇರ ಇರಬೇಕು. ತಿರುಗುವ ಕೀಲುಗಳಲ್ಲಿ ಕ್ಯಾಸಲ್ ನಟ್ (ಪಿನ್ ಕೂರುವ ಸಂದಿಗಳಿರುವ ನಟ್) ಮತ್ತು ಕಾಟರ್ ಪಿನ್ ಇರಲಿ. ನೈಲಾನ್ ಸುತ್ತಿನ ನಟ್ ಅಲ್ಲಿ ಬೇಡ. ರಡ್ಡರ್‌ನ ಕ್ಲ್ಯಾಂಪ್ ತೆಗೆದಿದ್ದೀರಾ? ಕೆಂಪು ಬಟ್ಟೆ ಕಟ್ಟಲು ಹೇಳಿದ್ದು ಇದಕ್ಕೇ. ಇಷ್ಟನ್ನೂ ಈ ಕೆಲಸದಲ್ಲಿ ಕೈ ಹಾಕದ ಇನ್ನೊಬ್ಬರಿಂದ ಮತ್ತೆ ನೋಡಿಸಿ. ನಮ್ಮ ಕೆಲಸದಲ್ಲಿ ನಮ್ಮ ಕಣ್ಣು ಕಾಣಬೇಕಾದ್ದನ್ನು ಬಿಟ್ಟು, ಅಂದುಕೊಂಡದ್ದನ್ನು ನೋಡುತ್ತದೆ.

ಆಮೇಲೆ ಗಾಳಿ ಇಲ್ಲದ ಬೆಳಿಗ್ಗೆ, ನಡೆಯುವ ವೇಗದಲ್ಲಿ ಶುರು ಮಾಡಿ. ಕಾಲನ್ನು ಪೆಡಲ್ ಮೇಲೆ ಹಗುರವಾಗಿ ಇಟ್ಟು ವಿಮಾನ ತಾನಾಗಿ ಎತ್ತ ಹೋಗುತ್ತದೆ ನೋಡಿ. ಅದೇ ಗೆರೆಯಲ್ಲಿ ತಿರುಗಿ ಬಂದು ಇನ್ನೊಮ್ಮೆ ನೋಡಿ. ಹೋಗುವಾಗಲೂ ಬರುವಾಗಲೂ ವಿಮಾನದ ಒಂದೇ ಬದಿಗೆ ಎಳೆದರೆ ತಪ್ಪು ವಿಮಾನದಲ್ಲಿದೆ. ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ ಆದರೆ ಅದು ನೆಲದ ಇಳಿಜಾರು. ಸಮಾಧಾನ ಆದ ಮೇಲೆ ಮಾತ್ರ ವೇಗ ಹೆಚ್ಚಿಸಿ.

ಎಷ್ಟು ದಿನಕ್ಕೊಮ್ಮೆ ನೋಡಬೇಕು?

ಚೈನ್, ಕ್ಲಿಪ್, ಸ್ಪ್ರಿಂಗ್‌ಗಳನ್ನು ಪ್ರತಿ ಹಾರಾಟದ ಮುಂಚೆ ಬಗ್ಗಿ ನೋಡಿ, ಕೈಯಿಂದ ಆಡಿಸಿ. ಗಟ್ಟಿಯಾಗಿ ಬಿದ್ದ ಹಾಗೆ ಇಳಿದಿದ್ದರೆ, ಬಾಲದ ಚಕ್ರ ಗುಂಡಿಗೆ ಬಡಿದಿದ್ದರೆ, ಟೈರ್ ಬದಲಾಯಿಸಿದ್ದರೆ ಪಟ್ಟಿ ಹಿಡಿದು ಪೂರ್ತಿ ಅಳೆಯಿರಿ. ಹೊಸ ವಿಮಾನದಲ್ಲಿ ಮೊದಲ ಹತ್ತು ಗಂಟೆ ಹಾರಿದ ಮೇಲೆ ಒಮ್ಮೆ ಅಳೆಯಿರಿ. ಬೋಲ್ಟ್‌ಗಳು, ಸ್ಪ್ರಿಂಗ್ ಪಟ್ಟಿ ಎಲ್ಲ ತಮ್ಮ ಜಾಗದಲ್ಲಿ ಕೂರುವುದು ಆ ಹೊತ್ತಿಗೇ. ಅಳತೆಗಳನ್ನು ತಾರೀಖಿನ ಜೊತೆ ಲಾಗ್‌ಬುಕ್‌ನಲ್ಲಿ ಬರೆದಿಡಿ. ಮುಂದಿನ ಸಲ ಎಳೆತ ಶುರುವಾದಾಗ ಏನು ಬದಲಾಗಿದೆ ಅಂತ ಆ ಪುಟ ತೆರೆದರೆ ಗೊತ್ತಾಗುತ್ತದೆ.